ಓರಗಿತ್ತಿಯ ಥೀಮು, ನನ್ನ ಹೊಟ್ಟೆಯುರಿ

ಇನ್ನು ಮೇಲೆ ಹೊಟ್ಟೆಕಿಚ್ಚು ಪಡುವುದಿಲ್ಲ ಅಂತ ನಾನು ಗಟ್ಟಿ ಮನಸ್ಸು ಮಾಡಿದ ದಿನವೇ ಯಾರಾದರೂ ಮನೆಗೆ ಬಂದು, ಚಾ ಕುಡಿದು, ನನ್ನ ಓರಗಿತ್ತಿಯನ್ನು ಹೊಗಳಿ ಹೋಗುತ್ತಾರೆ. ಇದು ತಪ್ಪಿದ್ದೇ ಇಲ್ಲ ಮಾರಾಯ್ರೆ. ಮೊದಲೆಲ್ಲ ಅವಳ ಸೀರೆಯ ವಿಷಯಕ್ಕೆ ಆಗುತ್ತಿತ್ತು, ಅವಳ ಗುಳಿ ಬೀಳುವ ಕೆನ್ನೆಯ ವಿಷಯಕ್ಕೆ ಆಗುತ್ತಿತ್ತು. ಈಗ ಅವಳ ಬ್ಲಾಗಿನ ಥೀಮಿನ ವಿಷಯಕ್ಕೆ ಆಗ್ತಾ ಉಂಟು. ಅಷ್ಟೇ ವ್ಯತ್ಯಾಸ.

ನಾನು ಬಂಟ್ವಾಳದ ಕಡೆ, ಪುಂಜಾಲಕಟ್ಟೆಯಲ್ಲಿ ಹೊಲಿಗೆ ಕ್ಲಾಸು ನಡೆಸುವವಳು. ನಮ್ಮವರಿಗೆ ಬಿ.ಸಿ. ರೋಡಿನಲ್ಲಿ ಪೇಂಟಿನ ಅಂಗಡಿ. ಮೈದುನನ ಹೆಂಡತಿ, ಅಂದರೆ ಈ ಓರಗಿತ್ತಿ, ಇರುವುದು ಮೂಡುಬಿದಿರೆಯಲ್ಲಿ. ಅತ್ತೆ ಮುಂಡಾಜೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಮ್ಮದು ಜೈನರ ಮನೆ. ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ನೆಲದಡಿಯ ಗೆಡ್ಡೆ ಇಲ್ಲ. ಅತ್ತೆಯಂಥ ಹಿರಿಯರು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ. ಇಷ್ಟು ಗೊತ್ತಿದ್ದರೆ ಮುಂದಿನದ್ದು ತಾನಾಗಿ ಅರ್ಥವಾಗ್ತದೆ.

ರೇಷನ್ ಕಾರ್ಡು

ಬ್ಲಾಗು ಮೊದಲು ಶುರು ಮಾಡಿದ್ದು ನಾನು. ಈ ಮಾತನ್ನು ಎಲ್ಲರೂ ದಪ್ಪ ಅಕ್ಷರದಲ್ಲಿ ಓದಿಕೊಳ್ಳಬೇಕು. ನಮ್ಮ ಮನೆಯ ಅಡುಗೆಗಳನ್ನು ಬರೆದು ಹಾಕುತ್ತಿದ್ದೆ. ಬಿಳಿ ಪುಟ, ಕಪ್ಪು ಅಕ್ಷರ, ಮೇಲೊಂದು ಹೆಸರು. ಕಂಪೆನಿಯವರು ಹೇಗೆ ಕೊಟ್ಟರೋ ಹಾಗೇ ಇತ್ತು. ಓದುವವರು ನನ್ನ ಹೊಲಿಗೆ ಕ್ಲಾಸಿನ ಹುಡುಗಿಯರು, ಅದೂ ನಾನು ಮರುದಿನ ಪ್ರಶ್ನೆ ಕೇಳ್ತೇನೆ ಅಂತ. ಆದರೂ ನಾನು ಸಂತೋಷವಾಗಿದ್ದೆ.

ಆಮೇಲೆ ಇವಳು ಶುರು ಮಾಡಿದಳು. ನಾದಿನಿಯ ಮನೆಯಲ್ಲಿ ಒಂದು ಪೂಜೆಗೆ ಎಲ್ಲರೂ ಮುಂಡಾಜೆಗೆ ಹೋಗಿದ್ದೆವು. ಊಟ ಆಗಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಓರಗಿತ್ತಿ ನಾಚಿಕೊಂಡ ಹಾಗೆ ಮಾಡಿ ಫೋನು ತೆಗೆದಳು. "ಅತ್ತೆ, ನಾನೂ ಒಂದು ಸಣ್ಣ ಬ್ಲಾಗು ಮಾಡಿದ್ದೇನೆ."

ಸಣ್ಣದಂತೆ. ತಿಳಿಹಸಿರು ಅಂಚು, ಮೂಲೆ ದುಂಡಗೆ ಮಾಡಿದ ಫೋಟೋಗಳು, ಮೇಲೆ ತಾಮ್ರದ ಹಂಡೆಯ ಚಿತ್ರ, ಅದರ ಮೇಲೆ ಬಳ್ಳಿಯ ಹಾಗೆ ಬಳುಕುವ ಅಕ್ಷರದಲ್ಲಿ ಹೆಸರು. ಒತ್ತಿದರೆ ಅಡುಗೆಗಳು ಒಂದೊಂದಾಗಿ ಜಾರಿಕೊಂಡು ಬರುತ್ತಿದ್ದವು. ನಾನು ಅದೇ ಎಲೆಗೆ ಎರಡನೆಯ ಸಲ ಸುಣ್ಣ ಹಚ್ಚಿದೆ.

ಅತ್ತೆ ಕನ್ನಡಕ ಹಾಕಿ ಅವಳದ್ದು ನೋಡಿದರು. ಆಮೇಲೆ ನನ್ನದನ್ನೂ ತೆಗೆಸಿ ನೋಡಿದರು. ಅತ್ತೆಯ ಸ್ವಭಾವ ಅಂದರೆ ಮುಖದ ಎದುರೇ ಹೇಳುವುದು.

"ಇವಳದ್ದು ಮದುವೆ ಕಾಗದದ ಹಾಗೆ ಉಂಟು," ಅಂದರು. "ನಿನ್ನದು ರೇಷನ್ ಕಾರ್ಡಿನ ಹಾಗೆ."

ನಾನು ಬಿಟ್ಟೇನಾ? "ರೇಷನ್ ಕಾರ್ಡು ಇದ್ದರೆ ಅಲ್ವಾ ಅತ್ತೆ ಅಕ್ಕಿ ಸಿಗುವುದು," ಅಂದೆ. ಯಾರೂ ನಗಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆ. ಆದರೆ ಅಲ್ಲಿ ಅಮಟೆಕಾಯಿ ಗೊಜ್ಜಿನ ಮಾತು ಬಂತು. ಅತ್ತೆಯ ಅಮಟೆಕಾಯಿ ಗೊಜ್ಜು ಅಂದರೆ ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ನೆಂಟರ ಬಾಯಲ್ಲಿ ಇರುವಂಥದ್ದು. ಅದರ ಅಳತೆ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಹೇಳಿಲ್ಲ. ಕೇಳಿದರೆ "ಕೈಯಂದಾಜು" ಅಂತ ಹೇಳಿ ಬೇರೆ ಮಾತು ತೆಗೆಯುತ್ತಾರೆ. ಅದು ಯಾರ ಬ್ಲಾಗಿಗೆ ಸಿಗ್ತದೋ ಅವರ ಹೆಸರು ಮೇಲೆ ಬಂದ ಹಾಗೆಯೇ. ನಾವಿಬ್ಬರೂ ಒಂದೇ ಸಲ ಕೇಳಿದೆವು.

ಅತ್ತೆ ಯೋಚನೆ ಮಾಡಿ ಹೇಳಿದರು, "ದೀಪಾವಳಿಗೆ ಬನ್ನಿ. ಅಷ್ಟರಲ್ಲಿ ಯಾರ ಬ್ಲಾಗನ್ನು ಹೆಚ್ಚು ಜನ ನೋಡಿರ್ತಾರೋ ಅವರಿಗೆ ಹೇಳ್ತೇನೆ. ಒಬ್ಬರಿಗೆ ಮಾತ್ರ."

ಬರುವಾಗ ದಾರಿಯಲ್ಲಿ ನಮ್ಮವರು ಸಮಾಧಾನ ಮಾಡಲಿಕ್ಕೆ ನೋಡಿದರು. "ಒಂದು ಗೊಜ್ಜಿಗೆ ಇಷ್ಟೆಲ್ಲ ಎಂತಕ್ಕೆ? ಅಮ್ಮನನ್ನು ಮನೆಗೆ ಕರೆದು ಮಾಡಿಸಿಕೊಂಡು ತಿನ್ನುವ." ಗಂಡಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಅವರು ಗೊಜ್ಜನ್ನು ತಿನ್ನುವ ವಸ್ತು ಅಂತಲೇ ತಿಳಿದುಕೊಂಡಿದ್ದಾರೆ.

ಮಲ್ಲಿಗೆ ಸುರಿಯುವ ಬ್ಲಾಗು

ಮಿಜಾರಿನಲ್ಲಿ ಒಬ್ಬರು ಕಂಪ್ಯೂಟರ್ ಸರ್ ಶನಿವಾರ ಶನಿವಾರ ಬ್ಲಾಗು ಅಲಂಕಾರ ಮಾಡಲಿಕ್ಕೆ ಕಲಿಸ್ತಾರೆ ಅಂತ ಗೊತ್ತಾಯಿತು. ಯಾರಿಗೂ ಹೇಳದೆ ಬಸ್ಸು ಬದಲಾಯಿಸಿ ಬದಲಾಯಿಸಿ ಹೋದೆ. ಹೋಗಿ ನೋಡಿದರೆ ಮುಂದಿನ ಬೆಂಚಿನಲ್ಲಿ ಓರಗಿತ್ತಿ ಕೂತಿದ್ದಾಳೆ. "ಅಕ್ಕ, ನೀವೂ ಬಂದಿರಾ, ಒಳ್ಳೆಯದಾಯ್ತು," ಅಂತ ಜಾಗ ಬಿಟ್ಟಳು. ಎಷ್ಟು ಒಳ್ಳೆಯವಳು ನೋಡಿ. ಅದೇ ನನಗೆ ಸಹಿಸಲಿಕ್ಕೆ ಆಗದ್ದು.

ಸರ್ ನಿಧಾನಕ್ಕೆ, ಪುಸ್ತಕ ಓದಿದ ಹಾಗೆ ಮಾತಾಡುವವರು. "ಥೀಮ್ ಎಂದರೆ ಬ್ಲಾಗಿಗೆ ತೊಡಿಸುವ ಬಟ್ಟೆ. ಒಳಗಿನ ಬರಹ ಹಾಗೆಯೇ ಇರುತ್ತದೆ, ಮೇಲಿನ ರೂಪ ಮಾತ್ರ ಬದಲಾಗುತ್ತದೆ."

"ಅಂದರೆ ಆಲ್ಟರೇಷನ್," ಅಂದೆ ನಾನು.

"ಸುಮಾರಾಗಿ ಹಾಗೆಯೇ ಮೇಡಂ."

ನನಗೆ ಧೈರ್ಯ ಬಂತು. ರೆಡಿಮೇಡ್ ಬ್ಲೌಸು ಬಿಚ್ಚಿ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ಪುಂಜಾಲಕಟ್ಟೆಯಲ್ಲಿ ಯಾರೂ ಇಲ್ಲ. ಸರ್ ಇನ್ನೂ ಎರಡು ಮಾತು ಹೇಳಿದ್ದರು: ಬದಲಾಯಿಸುವ ಮೊದಲು ಹಳೆಯದರ ಒಂದು ಪ್ರತಿ ಇಟ್ಟುಕೊಳ್ಳಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ಓರಗಿತ್ತಿ ಅದನ್ನು ಬರೆದುಕೊಂಡಳು. ನಾನು ಅವಳು ಬರೆದುಕೊಳ್ಳುವುದನ್ನು ನೋಡುತ್ತಾ ಇದ್ದೆ.

ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಹಾಕಿದೆ. ಒಂದು ಬದಿಗೆ ಗಡಿಯಾರ, ಇನ್ನೊಂದು ಬದಿಗೆ ಕ್ಯಾಲೆಂಡರು, ಕೆಳಗೆ ಹವಾಮಾನ, ಅದರ ಕೆಳಗೆ ಬಂಗಾರದ ದರ, ಮೇಲೆ ಓಡುವ ಅಕ್ಷರದಲ್ಲಿ ಸ್ವಾಗತ. ಇದೆಲ್ಲದರ ಮೇಲೆ ಆಕಾಶದಿಂದ ಮಲ್ಲಿಗೆ ಹೂ ಸುರಿಯುವ ಹಾಗೆ ಮಾಡಿದೆ. ಹೂವಿಲ್ಲದ ಬ್ಲಾಗು ಮುತ್ತೈದೆಗೆ ಶೋಭೆಯಲ್ಲ ಅಂತ ಆ ಹೊತ್ತಿಗೆ ನನಗೆ ಕಂಡಿತು. ಮುಗಿಸಿ ಮುಂಡಾಜೆಗೆ ಫೋನು ಮಾಡಿದೆ.

ಮಧ್ಯಾಹ್ನ ಕಳೆದ ಮೇಲೆ ಅತ್ತೆ ತಿರುಗಿ ಮಾಡಿದರು. "ನೋಡಿದೆ ಮಗಾ."

"ಹೇಗೆ ಉಂಟು ಅತ್ತೆ?"

"ನಾನು ಒತ್ತಿ ಇಟ್ಟು ಬಟ್ಟೆ ಒಗೆಯಲಿಕ್ಕೆ ಹೋದೆ. ಒಗೆದು, ಹಿಂಡಿ, ಒಣಗಲಿಕ್ಕೆ ಹಾಕಿ ಬರುವಾಗ ಹೂ ಬೀಳಲಿಕ್ಕೆ ಶುರುವಾಗಿತ್ತು. ಊಟ ಮುಗಿಸಿ ಬರುವಾಗ ಬಂಗಾರದ ದರ ಬಂತು. ಅಡುಗೆ ಮಾತ್ರ ಇನ್ನೂ ಬರಲಿಲ್ಲ."

ಅವರ ಕಡೆ ನೆಟ್‌ವರ್ಕು ನಿಧಾನ ಅಂತ ಹೇಳಿದೆ. "ಹಾಗಾ," ಅಂದರು ಅತ್ತೆ. "ಸಣ್ಣವಳದ್ದು ಮಾತ್ರ ಇದೇ ನೆಟ್‌ವರ್ಕಿನಲ್ಲಿ ಕೂಡಲೇ ಬರ್ತದೆ. ಅವಳ ಮೇಲೆ ಅದಕ್ಕೆ ಪ್ರೀತಿ ಇರಬೇಕು."

ಒಂದು ಕೋಟು ಸಾಕಾಗುವುದಿಲ್ಲ

ಹೂ, ಗಡಿಯಾರ ಎಲ್ಲ ತೆಗೆದೆ. ಇನ್ನು ಬಣ್ಣದಲ್ಲಿ ಅವಳನ್ನು ಸೋಲಿಸುವ ಅಂತ ಹೊರಟೆ. ಅವಳದ್ದು ತಿಳಿಹಸಿರಾದರೆ ನನ್ನದು ಅದಕ್ಕಿಂತ ಚಂದದ ಹಸಿರಾಗಬೇಕು. ನಮ್ಮವರ ಅಂಗಡಿಗೆ ಹೋಗಿ ಪೇಂಟಿನ ಶೇಡ್ ಕಾರ್ಡು ಕೇಳಿದೆ.

"ಯಾವ ಗೋಡೆಗೆ?" ಅಂದರು.

"ಬ್ಲಾಗಿಗೆ."

ಇಪ್ಪತ್ತು ವರ್ಷದ ಸಂಸಾರ, ಅವರು ನಗಲಿಲ್ಲ. ಗಿರಾಕಿಗೆ ಕೇಳುವ ಹಾಗೆಯೇ ಕೇಳಿದರು, "ಒಳಗಡೆಗಾ, ಹೊರಗಡೆಗಾ?"

"ಹೊರಗಡೆಗೆ."

"ಮಳೆ ಹೊಡೀತದಾ?"

ಅವರ ಕೈಯಿಂದ ಕಾರ್ಡು ಕಿತ್ತುಕೊಂಡು ಬಂದೆ. ಎಳೆ ವೀಳ್ಯದೆಲೆಯ ಬಣ್ಣವೊಂದು ಮನಸ್ಸಿಗೆ ಹಿಡಿಯಿತು. ಕಾರ್ಡನ್ನು ಕಂಪ್ಯೂಟರಿನ ಪರದೆಗೆ ಒತ್ತಿ ಹಿಡಿದು, ಬ್ಲೌಸಿಗೆ ನೂಲು ಮ್ಯಾಚ್ ಮಾಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿ, ಅದೇ ಬಣ್ಣ ಬರುವವರೆಗೆ ಒತ್ತಿದೆ. ನಮ್ಮ ಕಂಪ್ಯೂಟರಿನಲ್ಲಿ ತೋಟದಿಂದ ಈಗಷ್ಟೇ ಕೊಯ್ದು ತಂದ ಎಲೆಯ ಹಾಗೆ ಕಾಣುತ್ತಿತ್ತು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ.

ಓರಗಿತ್ತಿಯ ಉತ್ತರ ಎಲ್ಲರಿಗಿಂತ ಮೊದಲು ಬಂತು. "ಅಕ್ಕ, ಸೆಗಣಿ ಸಾರಿಸಿದ ಅಂಗಳದ ಬಣ್ಣ ಹಾಕಿದ್ದೀರಿ, ಎಷ್ಟು ಒಳ್ಳೆಯ ಯೋಚನೆ. ನನಗೆ ಹೊಳೆಯಲೇ ಇಲ್ಲ."

ನಾನು ಓಡಿ ಹೋಗಿ ನಮ್ಮವರ ಫೋನಿನಲ್ಲಿ ನೋಡಿದೆ. ಹೌದು, ಸೆಗಣಿಯೇ. ಪ್ರತಿಯೊಬ್ಬರ ಫೋನಿನಲ್ಲಿ ಬಣ್ಣ ಬೇರೆ ಬೇರೆ ಕಾಣ್ತದೆ ಅಂತ ಸರ್ ಮುಂದಿನ ಶನಿವಾರ ಹೇಳಿದರು. ಅದನ್ನು ಹಿಂದಿನ ಶನಿವಾರ ಹೇಳಬಾರದಿತ್ತಾ? ನಮ್ಮವರು ಮಾತ್ರ ಫೋನು ದೂರ ಹಿಡಿದು ನೋಡಿ, ತಜ್ಞರ ಹಾಗೆ ತಲೆಯಾಡಿಸಿದರು.

"ಪ್ರೈಮರ್ ಹಾಕಿರಲಿಕ್ಕಿಲ್ಲ ನೀನು."

ಜೊತೆಗೆ ಬಂದ ಅತಿಥಿ

ಇದು ಹೇಳಬಾರದು ಅಂತ ಇದ್ದೆ. ಆದರೆ ನಾನು ಹೇಳದಿದ್ದರೂ ಓರಗಿತ್ತಿ ಹೇಳ್ತಾಳೆ, ಅದಕ್ಕೆ ಸ್ವಲ್ಪ ಮಸಾಲೆ ಸೇರಿಸಿ.

ಸ್ವಂತ ಕೈಯಲ್ಲಿ ಹೊಲಿದದ್ದು ಸಾಕು, ಚಂದದ ರೆಡಿಮೇಡ್ ತಂದು ತೊಡಿಸುವ ಅಂತ ಒಂದು ಬಿಟ್ಟಿ ಥೀಮು ಇಳಿಸಿಕೊಂಡೆ. ಅಡುಗೆ ಬ್ಲಾಗಿಗೆಂದೇ ಮಾಡಿದ್ದು. ಹಾಕಿದ ಕೂಡಲೇ ನನ್ನ ಬ್ಲಾಗು ಗುರುತೇ ಸಿಗದ ಹಾಗೆ ಬದಲಾಯಿತು. ಅಗಲವಾದ ತಲೆಬರಹ, ದೊಡ್ಡ ದೊಡ್ಡ ಚಿತ್ರಗಳಿಗೆ ಜಾಗ. ನನಗೆ ಸಂತೋಷದಲ್ಲಿ ಕಣ್ಣು ಮಂಜಾಯಿತು. ಮಂಜಾದ ಕಣ್ಣಿನಲ್ಲೇ ಅದನ್ನು ಮನೆಯವರ ಗುಂಪಿಗೆ ಕಳಿಸಿಬಿಟ್ಟೆ. "ನಮ್ಮ ಮನೆತನದ ಶುದ್ಧ ಅಡುಗೆಗಳಿಗೆ ಹೊಸ ರೂಪ" ಅಂತ ಮೇಲೆ ಒಂದು ಸಾಲು ಬೇರೆ ಬರೆದೆ.

ಥೀಮು ಮಾಡಿದವರು ಮಾದರಿಗೆ ಅಂತ ತಮ್ಮದೇ ಫೋಟೋ ಹಾಕಿರ್ತಾರೆ, ಅದನ್ನು ತೆಗೆದು ನಮ್ಮದು ಹಾಕಬೇಕು, ಇದು ನನಗೆ ಗೊತ್ತಿರಲಿಲ್ಲ. ನನ್ನ ಶುದ್ಧ ಅಡುಗೆಯ ನೆತ್ತಿಯ ಮೇಲೆ, ಅಂಗೈ ಅಗಲಕ್ಕೆ, ಎರಡು ಮೊಟ್ಟೆ ಒಡೆದು ಹುರಿದ ಫೋಟೋ ಇತ್ತು. ಸುತ್ತ ಈರುಳ್ಳಿ ಬಳೆಗಳು. ಬದಿಯಲ್ಲಿ, ಬೇಡ, ಆ ಬದಿಯಲ್ಲಿ ಇದ್ದದ್ದನ್ನು ನಾನು ಹೇಳುವುದಿಲ್ಲ.

ಗುಂಪಿನಲ್ಲಿ ನಲುವತ್ತಕ್ಕಿಂತ ಹೆಚ್ಚು ಜನ ಇದ್ದಾರೆ. ಎಲ್ಲರೂ ನೋಡಿದರು, ಒಬ್ಬರೂ ಉಸಿರೆತ್ತಲಿಲ್ಲ. ಸಾವಿನ ಸುದ್ದಿ ಹಾಕಿದರೂ ಅಷ್ಟು ಮೌನ ಇರುವುದಿಲ್ಲ, ಕೈ ಮುಗಿದ ಚಿತ್ರವಾದರೂ ಬರ್ತದೆ. ಬಹಳ ಹೊತ್ತಿನ ಮೇಲೆ ಓರಗಿತ್ತಿ ಬರೆದಳು. "ಅಕ್ಕ, ಫೋಟೋ ತುಂಬಾ ಕ್ಲಿಯರ್ ಉಂಟು."

ಆಮೇಲೆ ಅತ್ತೆಯ ಫೋನು ಬಂತು. "ಯಾವಾಗಿನಿಂದ?" ಅಂತ ಒಂದೇ ಶಬ್ದ ಕೇಳಿದರು.

"ಅಯ್ಯೋ ಅತ್ತೆ, ಅದು ನಾನು ಮಾಡಿದ್ದಲ್ಲ. ಥೀಮಿನ ಜೊತೆಗೆ ಬಂದದ್ದು."

"ಜೊತೆಗೆ ಬಂದದ್ದನ್ನೆಲ್ಲ ಒಳಗೆ ಕೂರಿಸುವುದಾ? ಬಾಗಿಲಲ್ಲೇ ಎಂತದು ಅಂತ ನೋಡ್ಲಿಕ್ಕಿಲ್ವಾ?"

ಆ ದಿನದಿಂದ ನಮ್ಮ ಕಡೆಯ ಯಾವ ಮದುವೆಗೆ ಹೋದರೂ ನಾನು ಬಡಿಸಲಿಕ್ಕೆ ಪಾತ್ರೆ ಎತ್ತಿದರೆ, ಸಾಲಿನಲ್ಲಿ ಕೂತ ಹಿರಿಯರು ಮೊದಲು ಪಾತ್ರೆಯೊಳಗೆ ಬಗ್ಗಿ ನೋಡ್ತಾರೆ.

ಹೊತ್ತು ಮುಳುಗಿದ ಥೀಮು

ದೇವರು ನನಗೂ ಒಂದು ದಿನ ಕೊಟ್ಟ. ಸರಿಯಾಗಿ ಹೇಳಬೇಕಾದರೆ ಅರ್ಧ ದಿನ.

ಈಗ ಕಪ್ಪು ಹಿನ್ನೆಲೆಯೇ ಫ್ಯಾಷನ್ನು ಅಂತ ಓರಗಿತ್ತಿ ಎಲ್ಲೋ ನೋಡಿ ತನ್ನ ಬ್ಲಾಗನ್ನು ಪೂರಾ ಕಪ್ಪು ಮಾಡಿದಳು. ಕಪ್ಪು ಪುಟ, ಬಂಗಾರದ ಅಕ್ಷರ. ಸತ್ಯ ಹೇಳ್ತೇನೆ, ಕರಿಮಣಿ ಸರದ ಹಾಗೆ ಹೊಳೆಯುತ್ತಿತ್ತು. ನಾನು ಅನ್ನ ಬಿಟ್ಟು ಮಲಗಿದ್ದೆ. ಮರುದಿನ ಬೆಳಗ್ಗೆ ಅವಳದ್ದೇ ಫೋನು, ಅಳು ಬರುವ ಸ್ವರ.

"ಅಕ್ಕ, ಅತ್ತೆ ಬೈದರು. 'ಹೊತ್ತು ಮುಳುಗಿದ ಮೇಲೆ ತಿನ್ನದ ಮನೆಯವರು ನಾವು, ನೀನು ಕತ್ತಲಲ್ಲಿ ಬಡಿಸಿ ತೋರಿಸ್ತೀಯಲ್ಲ, ಬಟ್ಟಲಿನಲ್ಲಿ ಹುಳ ಬಿದ್ದರೂ ಕಾಣ್ಲಿಕ್ಕಿಲ್ಲ' ಅಂತ ಹೇಳಿದರು. ಅದು ಬರೀ ಬಣ್ಣ ಅಂದರೂ ಕೇಳುವುದಿಲ್ಲ. ನೀವಾದರೂ ಸ್ವಲ್ಪ ಹೇಳಿ."

ನಾನು ಎಷ್ಟು ಮರುಕದಿಂದ ಮಾತಾಡಿದೆ ಅಂದರೆ ನನಗೇ ಆಶ್ಚರ್ಯವಾಯಿತು. "ಅತ್ತೆ ಹೇಳುವುದರಲ್ಲೂ ಸ್ವಲ್ಪ ಅರ್ಥ ಉಂಟು ಮಾರಾಯ್ತಿ," ಅಂದೆ. ಫೋನಿಟ್ಟು ಪಾಯಸ ಮಾಡಿದೆ. ನಮ್ಮವರು ಊಟಕ್ಕೆ ಬಂದು ಪಾಯಸ ನೋಡಿ, ಯಾರ ಹುಟ್ಟಿದ ದಿನ ಅಂತ ಕೇಳಿದರು.

ಸಂಜೆಯೊಳಗೆ ಅವಳು ಥೀಮನ್ನು ಮತ್ತೆ ಬೆಳ್ಳಗೆ ಮಾಡಿದಳು. ಅದು ಸರಿ. ಆದರೆ ಜೊತೆಗೆ ಅತ್ತೆ ಬೈದದ್ದನ್ನು ಹಾಗೆಯೇ ಒಂದು ಲೇಖನ ಮಾಡಿ ಹಾಕಿದಳು, ಬೆಳಕಿರುವಾಗಲೇ ಊಟ ಮುಗಿಸುವ ನಮ್ಮ ಹಿರಿಯರ ರೀತಿಯ ಮೇಲೆ. ಅದನ್ನು ಜನ ಓದಿದ್ದೇ ಓದಿದ್ದು, ಹಂಚಿದ್ದೇ ಹಂಚಿದ್ದು. ಗಲ್ಫಿನಲ್ಲಿರುವ ನಮ್ಮ ಪಕ್ಕದ ಮನೆಯವರ ಮಗಳು ಕೂಡ ಓದಿ, ನನಗೇ ಕಳಿಸಿ, "ಆಂಟಿ, ಇದು ನಿಮ್ಮ ಸಂಬಂಧಿಕರಾ? ಎಷ್ಟು ಚಂದ ಬರೀತಾರೆ" ಅಂತ ಕೇಳಿದಳು.

ಅವಳಿಗೆ ಬೈಗುಳವೂ ಫಲ ಕೊಡ್ತದೆ. ನನಗೆ ಬಿದ್ದ ಬೈಗುಳಗಳನ್ನೆಲ್ಲ ಬರೆದು ಹಾಕಿದ್ದರೆ ನಾನು ಇಷ್ಟರಲ್ಲಿ ದೊಡ್ಡ ಸಾಹಿತಿ ಆಗಿರುತ್ತಿದ್ದೆ. ಪಾಯಸ ಉಳಿದಿತ್ತು, ಆ ಸಿಟ್ಟಿನಲ್ಲಿ ಅದನ್ನೂ ನಾನೇ ತಿಂದು ಮುಗಿಸಿದೆ.

ಅಳತೆ ಬ್ಲೌಸು

ದೀಪಾವಳಿ ಹತ್ತಿರ ಬಂತು. ಮೂಡುಬಿದಿರೆಗೆ ಒಂದು ಕೆಲಸಕ್ಕೆ ಹೋದವಳು ಅವಳ ಮನೆಗೂ ಹೋದೆ. ಹೋಗುವ ಮನಸ್ಸಿರಲಿಲ್ಲ, ಹೋಗದಿದ್ದರೆ ಹೊಟ್ಟೆಕಿಚ್ಚು ಅಂತ ತಿಳಿದುಕೊಳ್ತಾರೆ. ಅವಳು ಬಾಳೆಹಣ್ಣಿನ ಹಲ್ವ ಕೊಟ್ಟು, ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳಿದಳು.

"ಅಕ್ಕ, ನೀವು ಥೀಮಿಗಾಗಿ ಎಷ್ಟು ಕಷ್ಟಪಡ್ತೀರಿ. ನನ್ನದೇ ತೆಗೆದುಕೊಳ್ಳಿ. ಇಡೀ ಫೈಲು ಕಳಿಸ್ತೇನೆ, ಹೆಸರು ಮತ್ತು ಫೋಟೋ ಬದಲಾಯಿಸಿದರೆ ಆಯ್ತು."

ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ. "ಛೆ ಛೆ, ಬೇಡ. ನಿನ್ನದು ನಿನಗಿರಲಿ," ಅಂದೆ. ಗೇಟಿನವರೆಗೆ ಹೋದೆ. ತಿರುಗಿ ಬಂದು ಹೇಳಿದೆ, "ಅಷ್ಟು ಒತ್ತಾಯ ಮಾಡ್ತಿಯಲ್ಲ, ಇವತ್ತೇ ಕಳಿಸು."

ನಮ್ಮ ವೃತ್ತಿಯಲ್ಲಿ ಅಳತೆ ಬ್ಲೌಸು ಅಂತ ಉಂಟು. ಗಿರಾಕಿಗಳು ತಮಗೆ ಸರಿಯಾಗುವ ಹಳೆಯ ಬ್ಲೌಸೊಂದು ತಂದು, "ಇದರ ಹಾಗೇ ಬೇಕು" ಅಂತ ಕೊಟ್ಟು ಹೋಗ್ತಾರೆ. ಹಾಗೇ ಅಂದರೆ ಹಾಗೇ. ಒಂದು ಟಕ್ಕು ಆಚೀಚೆ ಮಾಡಬಾರದು, ಯಾಕೆ ಹಾಕಿದ್ದು ಅಂತ ಗೊತ್ತಾಗದ ಹೊಲಿಗೆಯನ್ನೂ ಬಿಡಬಾರದು. ಓರಗಿತ್ತಿಯ ಥೀಮನ್ನು ನಾನು ಅದೇ ನೇಮದಲ್ಲಿ ತೊಡಿಸಿದೆ. ಹೆಸರು ಬದಲಾಯಿಸಿದೆ, ಫೋಟೋ ಬದಲಾಯಿಸಿದೆ, ಅವಳ ಹಂಡೆಯ ಜಾಗದಲ್ಲಿ ನನ್ನ ಬೋಗುಣಿ ಇಟ್ಟೆ. ಅರ್ಥವಾಗದ ಸಾಲುಗಳನ್ನು ಕೈಯಲ್ಲಿ ಮುಟ್ಟಲಿಲ್ಲ.

ಬ್ಲಾಗು ಎಷ್ಟು ಚಂದ ಕಂಡಿತು ಅಂದರೆ ನೋಡಿದಷ್ಟೂ ತೃಪ್ತಿಯಿಲ್ಲ. ಬೆಳಗ್ಗೆ ಎದ್ದ ಕೂಡಲೇ ಮುಖ ತೊಳೆಯುವ ಮೊದಲು ನೋಡುತ್ತಿದ್ದೆ. ಹಾಲು ಕಾಯಿಸುವಾಗ, ಕಾಜಾ ಹೊಲಿಯುವಾಗ, ಬಸ್ಸಿನಲ್ಲಿ, ಅಂಗಡಿಯಲ್ಲಿ. ಹುಡುಗಿಯರಿಗೂ ಹೇಳಿದೆ, ಕ್ಲಾಸಿಗೆ ಬಂದ ಮೇಲೆ ಮೊದಲು ಬ್ಲಾಗು, ಮತ್ತೆ ಮೆಷಿನ್ನು. ನಮ್ಮವರ ಅಂಗಡಿಯ ಕಂಪ್ಯೂಟರಿನಲ್ಲಿ ಇಡೀ ದಿನ ಅದೇ ತೆರೆದಿರಬೇಕು ಅಂತ ಕಟ್ಟುಮಾಡಿದೆ.

ಜನ ಎಷ್ಟು ನೋಡಿದರು, ಯಾವ ಕಡೆಯವರು ಅಂತ ಲೆಕ್ಕ ಹಿಡಿಯುವ ಒಂದು ವ್ಯವಸ್ಥೆಯನ್ನು ಸರ್ ನಮ್ಮಿಬ್ಬರಿಗೂ ಮಾಡಿಕೊಟ್ಟಿದ್ದರು. ನನ್ನ ಲೆಕ್ಕ ತೆರೆದು ನೋಡಿದರೆ ಸೊನ್ನೆ. ಮರುದಿನವೂ ಸೊನ್ನೆ. ಇಷ್ಟು ಚಂದದ ಬ್ಲಾಗನ್ನು ಯಾರೂ ನೋಡುವುದಿಲ್ಲವಲ್ಲ ಅಂತ ಸಂಕಟವಾಗಿ ನಾನೇ ಇನ್ನಷ್ಟು ನೋಡಿದೆ.

ದೀಪಾವಳಿಗೆ ಮುಂಡಾಜೆಯಲ್ಲಿ ಸೇರಿದೆವು. ಅತ್ತೆ ನಡುಮನೆಯಲ್ಲಿ ಕೂತು ಇಬ್ಬರ ಲೆಕ್ಕವನ್ನೂ ಕೇಳಿದರು. ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಅಗತ್ಯ ಇಲ್ಲ. ಓರಗಿತ್ತಿ ತನ್ನದನ್ನು ಹೇಳಿದಾಗ ಮೈದುನನೇ ಬಾಯಿ ತೆರೆದು ಕೂತ.

"ನನಗೇ ಆಶ್ಚರ್ಯ ಅತ್ತೆ," ಅಂದಳು ಅವಳು. "ಬಂಟ್ವಾಳದ ಕಡೆ ನನಗೊಬ್ಬರು ಅಭಿಮಾನಿ ಹುಟ್ಟಿಕೊಂಡಿದ್ದಾರೆ. ಬೆಳಗ್ಗೆ ಕೋಳಿ ಕೂಗುವ ಮೊದಲೇ ಬರ್ತಾರೆ. ಇಡೀ ದಿನ ಬರ್ತಾರೆ. ಅಷ್ಟು ಪ್ರೀತಿ ನಾನು ಎಲ್ಲೂ ಕಾಣಲಿಲ್ಲ."

ಅತ್ತೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಗೊಜ್ಜಿನ ಅಳತೆ ಹೇಳಿದರು.

ಮುಂದಿನ ಶನಿವಾರ ನಾನು ಸರ್ ಹತ್ತಿರ ಹೋಗಿ ಜಗಳವನ್ನೇ ತೆಗೆದೆ, ನಿಮ್ಮ ಲೆಕ್ಕ ಸರಿ ಇಲ್ಲ ಅಂತ. ಅವರು ನನ್ನ ಥೀಮನ್ನು ತೆರೆದು ಕೆಳಗಿನವರೆಗೆ ಓದಿದರು. "ಮೇಡಂ, ಲೆಕ್ಕ ಹಿಡಿಯುವ ಸಾಲು ಥೀಮಿನ ಒಳಗೇ ಇರುತ್ತದೆ. ಒಬ್ಬೊಬ್ಬರದ್ದು ಒಂದೊಂದು. ಇಲ್ಲಿ ಇರುವುದು ನಿಮ್ಮದಲ್ಲ, ನಿಮ್ಮ ಓರಗಿತ್ತಿಯವರದ್ದು. ನಿಮ್ಮ ಬ್ಲಾಗಿಗೆ ಯಾರು ಬಂದರೂ ಅವರ ಲೆಕ್ಕಕ್ಕೆ ಸೇರಿದೆ."

"ಹಾಗಾದರೆ ಆ ಬಂಟ್ವಾಳದ ಅಭಿಮಾನಿ?"

ಸರ್ ಸಭ್ಯರು. ನನ್ನ ಮುಖ ನೋಡದೆ ಕಿಟಕಿಯ ಹೊರಗೆ ನೋಡಿದರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು. ಅತ್ತೆಗೆ ಹೇಳಿ ತೀರ್ಪು ಬದಲಾಯಿಸುವ ಅಂದರೆ, ದಿನಾ ಕೋಳಿ ಕೂಗುವ ಮೊದಲು ಎದ್ದು ಬ್ಲಾಗು ನೋಡುವ ಹುಚ್ಚಿ ನಾನೇ ಅಂತ ಇಡೀ ಕುಟುಂಬದ ಎದುರು ಒಪ್ಪಿಕೊಳ್ಳಬೇಕು. ಅದಕ್ಕಿಂತ ಗೊಜ್ಜು ಹೋಗಲಿ ಅಂತ ಸುಮ್ಮನಾದೆ.

ಓರಗಿತ್ತಿ ಸುಮ್ಮನಾಗಲಿಲ್ಲ. ಗೊಜ್ಜಿನ ಅಳತೆಯನ್ನು ಬ್ಲಾಗಿನಲ್ಲಿ ಹಾಕಿ, ಮೇಲೆ ಬರೆದಳು: "ಪ್ರತಿದಿನ ನನ್ನನ್ನು ಹುಡುಕಿಕೊಂಡು ಬರುವ, ಹೆಸರು ಗೊತ್ತಿಲ್ಲದ ಬಂಟ್ವಾಳದ ಅಭಿಮಾನಿಗೆ ಈ ಗೊಜ್ಜು ಅರ್ಪಣೆ."

ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು. ಅವಳ ಬ್ಲಾಗು ನೋಡಿ ನನ್ನ ಅತ್ತೆಯ ಗೊಜ್ಜು ಮಾಡುವಷ್ಟು ನಾನು ಗತಿಗೆಟ್ಟಿಲ್ಲ, ಹಾಗಾಗಿ ಮಾಡಲಿಲ್ಲ. ಆದರೆ ಕೈ ಸುಮ್ಮನೆ ಕೂರಲಿಲ್ಲ. ಕೆಳಗೆ ಒಂದು ಸಾಲು ಬರೆದೆ. "ಮಾಡಿ ನೋಡಿದೆ. ಉಪ್ಪು ಬಹಳ ಜಾಸ್ತಿಯಾಯಿತು. ಇಂತಿ, ಬಂಟ್ವಾಳದ ಅಭಿಮಾನಿ."

ಮರುದಿನ ಮುಂಡಾಜೆಯಿಂದ ಫೋನು.

"ಸಣ್ಣವಳ ಬ್ಲಾಗಿನಲ್ಲಿ ಯಾರೋ ಉಪ್ಪು ಜಾಸ್ತಿ ಅಂತ ಬರೆದಿದ್ದಾರಂತೆ," ಅಂದರು ಅತ್ತೆ. "ಬೆಳಗ್ಗಿನಿಂದ ಅಳ್ತಾ ಇದ್ದಾಳೆ, ಪಾಪ."

"ಹೌದಾ ಅತ್ತೆ? ನೀವು ಹೇಳಿದ ಅಳತೆ ಅಲ್ವಾ, ಅವಳು ಬರೆಯುವಾಗ ತಪ್ಪಿರಬೇಕು."

"ಅವಳು ತಪ್ಪಲಿಲ್ಲ." ಅತ್ತೆ ಸ್ವರ ತಗ್ಗಿಸಿದರು. "ನಿನ್ನಲ್ಲಿ ಮಾತ್ರ ಹೇಳ್ತೇನೆ, ನಿನ್ನ ಗಂಡನಿಗೂ ಹೇಳಬೇಡ. ನಾನು ಅವಳಿಗೆ ಉಪ್ಪು ಹೇಳಿದ್ದೇ ಅರ್ಧ. ಎಲ್ಲರ ಮನೆಯಲ್ಲೂ ನನ್ನ ಗೊಜ್ಜು ನನ್ನ ಹಾಗೆಯೇ ಆದರೆ ಮತ್ತೆ ನನ್ನನ್ನು ಯಾರು ಕೇಳ್ತಾರೆ? ನೆಂಟರೆಲ್ಲ ಅವಳ ಹೆಸರು ಹೇಳಿ ಚಪ್ಪರಿಸುವುದನ್ನು ನಾನು ಕೂತು ನೋಡಬೇಕಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಅರ್ಧ ಉಪ್ಪಿನಲ್ಲಿ ಮಾಡಿದರೆ ಸಪ್ಪೆ ಆಗಬೇಕು. ಜಾಸ್ತಿ ಹೇಗೆ ಆಗ್ತದೆ, ನೀನೇ ಹೇಳು. ಆ ಅಭಿಮಾನಿ ಗೊಜ್ಜು ಮಾಡಿಯೇ ಇಲ್ಲ. ಯಾರೋ ಹೊಟ್ಟೆಕಿಚ್ಚಿನ ಹೆಂಗಸು, ಬೇಕಂತಲೇ ಬರೆದದ್ದು. ನಿನ್ನ ಊರಿನ ಕಡೆಯವಳೇ ಅಂತೆ. ಸಿಕ್ಕಿದರೆ ನಾನು ಹೇಳಿದೆ ಅಂತ ಬುದ್ಧಿ ಹೇಳು. ಹೊಟ್ಟೆಕಿಚ್ಚು ಹೆಂಗಸರಿಗೆ ಒಳ್ಳೆಯದಲ್ಲ."

"ಸರಿ ಅತ್ತೆ," ಅಂದೆ. "ಇಬ್ಬರಿಗೂ ಹೇಳ್ತೇನೆ."

"ಇಬ್ಬರಾ? ಇನ್ನೊಬ್ಬಳು ಯಾರು?"

ಒಲೆಯ ಮೇಲೆ ಹಾಲು ಉಕ್ಕುತ್ತಾ ಉಂಟು ಅಂತ ಹೇಳಿ ಫೋನು ಇಟ್ಟೆ.